ಒಂದೇ ಸರಣಿಯ ರಷ್ಯನ್ ಸಂಪರ್ಕ ಉಪಗ್ರಹಗಳು, 12 ವರ್ಷದ ಆಯಸ್ಸು. ಎಎಂ11 ಎರಡೇ ವರ್ಷಕ್ಕೆ ನಿಂತಿತು, ಎಎಂ22 ಹದಿನೈದು ದಾಟಿತು. ಲೆಕ್ಕ ಹೇಗೆ?

ದೀರ್ಘವೃತ್ತ ಕೇಳಿದ್ದು:

ರಷ್ಯಾದ ಭೂಸ್ಥಿರ ಸಂಪರ್ಕ ಉಪಗ್ರಹಗಳ ಆಯಸ್ಸಿನ ಬಗ್ಗೆ ಒಂದು ಟಿಪ್ಪಣಿ ತಯಾರಿಸುತ್ತಿದ್ದೇನೆ. ಅಂಕಿಗಳು ಒಂದಕ್ಕೊಂದು ಹೊಂದುತ್ತಿಲ್ಲ.

ಎಕ್ಸ್‌ಪ್ರೆಸ್-ಎಎಂ ಸರಣಿಯ ಮೊದಲ ತಂಡಕ್ಕೆಲ್ಲ 12 ವರ್ಷ ಎಂದು ಬರೆದಿದೆ. ಅದರಲ್ಲಿ ಎಎಂ11 ಹಾರಿದ್ದು 2004ರ ಏಪ್ರಿಲ್‌ನಲ್ಲಿ, ನಿಂತದ್ದು 2006ರ ಮಾರ್ಚ್‌ನಲ್ಲಿ. ಎಎಂ22 ಹಾರಿದ್ದು 2003ರ ಡಿಸೆಂಬರ್ ಕೊನೆಯಲ್ಲಿ. ಅದು ಮೊದಲು 53° ಪೂರ್ವ ರೇಖಾಂಶದ ಮೇಲಿತ್ತು, ಎಎಂ6 ಬಂದ ಮೇಲೆ 80° ಪೂರ್ವಕ್ಕೆ ಸರಿದು, 15 ವರ್ಷ ದಾಟಿದ ಮೇಲೂ ದುಡಿಯಿತು. ಎಕ್ಸ್‌ಪ್ರೆಸ್-ಎಂಡಿ1ಗೆ 10 ವರ್ಷ ಎಂದಿದ್ದರು. 2009ರ ಫೆಬ್ರವರಿಯಲ್ಲಿ ಹೋದದ್ದು 2013ರ ಜುಲೈಗೆ ಮುಗಿಯಿತು. ಸೋವಿಯತ್ ಕಾಲದ ಗೊರಿಜಾಂಟ್‌ಗೆ ಮೂರೇ ವರ್ಷ.

ನನ್ನ ಪ್ರಶ್ನೆಗಳು:

1. ಈ 12, 15 ಎಂಬ ಅಂಕಿ ಯಾವುದರ ಅಳತೆ? ಇಂಧನದ್ದೋ, ವಿದ್ಯುತ್ ಉಪಕರಣಗಳದ್ದೋ?
2. ಎಲ್ಲ ಕಡೆ "ಇಂಧನ ಮುಗಿದರೆ ಉಪಗ್ರಹ ಮುಗಿಯಿತು" ಎಂದೇ ಬರೆದಿದೆ. ಅಯಾನು ಥ್ರಸ್ಟರ್ ಇಟ್ಟುಕೊಂಡ ರಷ್ಯನ್ ಉಪಗ್ರಹಗಳಿಗೂ ಈ ಮಾತು ನಿಜವೇ?
3. ಅವಧಿ ಮೀರಿ ಓಡಿಸುವಾಗ ನೆಲದ ಮೇಲೆ ಡಿಶ್ ಇಟ್ಟುಕೊಂಡವರಿಗೆ ಏನು ವ್ಯತ್ಯಾಸ ಗೊತ್ತಾಗುತ್ತದೆ?

ಸೂತ್ರ ಬಂದರೂ ಪರವಾಗಿಲ್ಲ, ಅಂಕಿ ಸಮೇತ ಹೇಳಿ.

---

ಕ್ಸೆನಾನ್54 ಉತ್ತರ:

ಮೊದಲು ಒಂದು ಸಣ್ಣ ತಿದ್ದುಪಡಿ. ಅಲ್ಲಿರುವುದು ಗ್ರಿಡ್ ಇರುವ ಅಯಾನು ಎಂಜಿನ್ ಅಲ್ಲ, ಹಾಲ್ ಥ್ರಸ್ಟರ್: ಕ್ಸೆನಾನ್ ಅನಿಲವನ್ನು ವಿದ್ಯುತ್ತು, ಕಾಂತಕ್ಷೇತ್ರಗಳ ನೆರವಿನಿಂದ ಅಯಾನು ಮಾಡಿ ಹೊರಗೆಸೆದು ನೂಕುವಂಥದ್ದು. ರಷ್ಯನ್ನರು ಎಸ್‌ಪಿಟಿ ಎನ್ನುತ್ತಾರೆ, ಅಂದರೆ ಸ್ಥಾಯಿ ಪ್ಲಾಸ್ಮಾ ಎಂಜಿನ್. ಕಾಲಿನಿನ್‌ಗ್ರಾದ್‌ನ ಫಾಕೆಲ್ ಸಂಸ್ಥೆ ತಯಾರಿಸುತ್ತದೆ. ಎಕ್ಸ್‌ಪ್ರೆಸ್‌ಗಳಲ್ಲಿ ಎಸ್‌ಪಿಟಿ-100, ಇನ್ನೊಂದು ರಷ್ಯನ್ ಉಪಗ್ರಹ ಕುಟುಂಬವಾದ ಯಮಾಲ್-100 ಮತ್ತು 200 ಸರಣಿಯಲ್ಲಿ ಅದಕ್ಕಿಂತ ಚಿಕ್ಕ ಎಸ್‌ಪಿಟಿ-70.

ನಿಮ್ಮ ಮೊದಲ ಪ್ರಶ್ನೆಗೆ: ರಷ್ಯನ್ ಕಾಗದಪತ್ರಗಳಲ್ಲಿ ಈ ಅಂಕಿಗೆ "ಸಾಸ್" ಎಂಬ ಮೊಟಕು ಹೆಸರಿದೆ. ಬಿಡಿಸಿದರೆ "ಸಕ್ರಿಯ ಅಸ್ತಿತ್ವದ ಅವಧಿ". ಇದು ಸಾಯುವ ದಿನಾಂಕವಲ್ಲ, ತಯಾರಕರು ಕೊಡುವ ಮಾತು. ಇಷ್ಟು ವರ್ಷದ ಕೊನೆಗೂ ಇಷ್ಟು ಟ್ರಾನ್ಸ್‌ಪಾಂಡರ್ (ಸಿಗ್ನಲ್ ಹಿಡಿದು ಬಲಪಡಿಸಿ ಮರಳಿ ಕಳಿಸುವ ಘಟಕ) ಓಡಿಸುವಷ್ಟು ವಿದ್ಯುತ್ ಇರುತ್ತದೆ, ಇಷ್ಟು ಬದಲಿ ಘಟಕ ಉಳಿದಿರುತ್ತವೆ, ಜಾಗ ಬಿಡದೆ ನಿಲ್ಲಿಸುವಷ್ಟು ಇಂಧನ ಇರುತ್ತದೆ, ಈ ಮೂರೂ ಒಟ್ಟಿಗೆ ನಿಜವಾಗುವ ಸಾಧ್ಯತೆ ಇಷ್ಟು ಎಂದು. ಸಾಧ್ಯತೆ ಅಂದ ಮೇಲೆ ಎರಡು ವರ್ಷಕ್ಕೆ ಹೋಗುವವೂ ಇರುತ್ತವೆ, ಹದಿನೈದು ದಾಟುವವೂ ಇರುತ್ತವೆ.

ಇನ್ನು ಇಂಧನ. ಭೂಸ್ಥಿರ ಉಪಗ್ರಹವನ್ನು ಕದಲಿಸುವವು ಎರಡು.

ಸೂರ್ಯ, ಚಂದ್ರರ ಎಳೆತ ಕಕ್ಷೆಯನ್ನು ಓರೆ ಮಾಡುತ್ತದೆ, ವರ್ಷಕ್ಕೆ 0.75°ಯಿಂದ 0.95°ವರೆಗೆ. ಇದನ್ನು ತಿದ್ದಲು ಬೇಕಾದ ವೇಗ ಬದಲಾವಣೆ ವರ್ಷಕ್ಕೆ ಸರಿಸುಮಾರು 45ರಿಂದ 50 ಮೀ/ಸೆ. ಇದೇ ಉತ್ತರ-ದಕ್ಷಿಣ ತಿದ್ದುಪಡಿ. ಭೂಮಿ ಪೂರ್ತಿ ದುಂಡಗಿಲ್ಲದ ಕಾರಣ ಉಪಗ್ರಹ ಪೂರ್ವ-ಪಶ್ಚಿಮವಾಗಿಯೂ ಜಾರುತ್ತದೆ. ಅದರ ವೆಚ್ಚ ವರ್ಷಕ್ಕೆ ಹೆಚ್ಚೆಂದರೆ 2 ಮೀ/ಸೆ ಆಸುಪಾಸು. 75° ಪೂರ್ವದ ಬಳಿ ಒಂದು ಸ್ಥಿರ ಬಿಂದು ಇದೆ. ಹಾಗಾಗಿ 80° ಪೂರ್ವದಲ್ಲಿರುವವನಿಗೆ ಈ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, 40° ಪೂರ್ವದವನಿಗೂ 140° ಪೂರ್ವದವನಿಗೂ ಜಾಸ್ತಿ. ಎಷ್ಟು ಜಾಸ್ತಿಯಾದರೂ ಉತ್ತರ-ದಕ್ಷಿಣದ ಖರ್ಚಿನ ಮುಂದೆ ಚಿಲ್ಲರೆ.

ಲೆಕ್ಕಕ್ಕೆ 2,000 ಕೆ.ಜಿ. ಉಪಗ್ರಹ, 15 ವರ್ಷ, ವರ್ಷಕ್ಕೆ 50 ಮೀ/ಸೆ ಇಟ್ಟುಕೊಳ್ಳಿ. ಒಟ್ಟು 750 ಮೀ/ಸೆ. ಸೂತ್ರ:

ಇಂಧನ = ಕೊನೆಯ ತೂಕ × (ಇ ಘಾತ [ವೇಗ ಬದಲಾವಣೆ ÷ ಹೊರಹರಿವಿನ ವೇಗ] − 1)

ಹೈಡ್ರಜೀನ್ ಒಂದನ್ನೇ ಉರಿಸಿದರೆ, ಹೊರಹರಿವು 2,150 ಮೀ/ಸೆ: ಸುಮಾರು 830 ಕೆ.ಜಿ.
ಎರಡು ದ್ರವದ ರಾಸಾಯನಿಕ ಎಂಜಿನ್, 2,940 ಮೀ/ಸೆ: ಸುಮಾರು 580 ಕೆ.ಜಿ.
ಎಸ್‌ಪಿಟಿ-100, ಸುಮಾರು 15,200 ಮೀ/ಸೆ: 100 ಕೆ.ಜಿ. ಕ್ಸೆನಾನ್.

ಥ್ರಸ್ಟರನ್ನು ಓರೆಯಾಗಿ ಕೂರಿಸಿರುವುದರಿಂದ ಆಗುವ ನಷ್ಟ ಇಲ್ಲಿ ಸೇರಿಲ್ಲ. ಅದನ್ನು ಸೇರಿಸಿದರೂ ಚಿತ್ರ ಬದಲಾಗುವುದಿಲ್ಲ.

ಇದರ ಜೊತೆಗೆ ರಷ್ಯನ್ ಪದ್ಧತಿಯ ಒಂದು ವಿಶೇಷ ಸೇರಿಸಿ. ಪ್ರೋಟಾನ್ ರಾಕೆಟ್‌ನ ಮೇಲ್ಹಂತ, ಬ್ಲಾಕ್ ಡಿಎಂ ಅಥವಾ ಬ್ರೀಜ್-ಎಂ, ಉಪಗ್ರಹವನ್ನು ನೇರ ಭೂಸ್ಥಿರ ಕಕ್ಷೆಗೇ ತಂದುಬಿಡುವುದು ಅಲ್ಲಿನ ರೂಢಿ. ಬ್ರೀಜ್-ಎಂ ಈ ಕೆಲಸಕ್ಕೆ ಒಂಬತ್ತು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಬೇರೆ ಕಡೆ ಉಪಗ್ರಹವೇ ತನ್ನ ದೊಡ್ಡ ಎಂಜಿನ್ ಉರಿಸಿ ಮೇಲೇರಬೇಕು, ಹೊರಡುವಾಗಿನ ತೂಕದಲ್ಲಿ ಅರ್ಧದಷ್ಟು ಇಂಧನವೇ ಆಗಿರುತ್ತದೆ. ಎಎಂ22ರಂಥವಕ್ಕೆ ಆ ಎಂಜಿನ್ ಬೇಕಾಗಿಯೇ ಇಲ್ಲ.

ಹಾಗಾಗಿ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಈ ವರ್ಗದ ಉಪಗ್ರಹಗಳಲ್ಲಿ ಕ್ಸೆನಾನ್ ಮೊದಲು ಮುಗಿಯುವುದು ಅಪರೂಪ. ಬೇರೆ ಏನೋ ಮೊದಲು ಕೈಕೊಡುತ್ತದೆ.

ಥ್ರಸ್ಟರ್ ಸವೆತದ ಲೆಕ್ಕ ಮಾತ್ರ ಬೇರೆಯಾಗಿ ಇಡಬೇಕು. ನೂಕುಬಲ 83 ಮಿಲಿನ್ಯೂಟನ್, 300 ವೋಲ್ಟ್, 4.5 ಆಂಪಿಯರ್, ಅಂದರೆ 1,350 ವಾಟ್. ಮೇಲಿನ ಉಪಗ್ರಹಕ್ಕೆ ವರ್ಷಕ್ಕೆ 1,00,000 ನ್ಯೂಟನ್-ಸೆಕೆಂಡ್ ಬೇಕು. ಭಾಗಿಸಿದರೆ ಸುಮಾರು 335 ಗಂಟೆ, ದಿನಕ್ಕೆ 55 ನಿಮಿಷ. 15 ವರ್ಷಕ್ಕೆ 5,000 ಗಂಟೆ. ನೆಲದ ಮೇಲಿನ ಪರೀಕ್ಷೆಯಲ್ಲಿ ಎಸ್‌ಪಿಟಿ-100 ಏಳು ಸಾವಿರ ಗಂಟೆಗೂ ಮೇಲೆ ಓಡಿದೆ. ಈ 5,000 ಗಂಟೆ ಒಂದರ ಮೇಲೇ ಬೀಳದೆ ಹಲವು ಥ್ರಸ್ಟರ್‌ಗಳಿಗೆ ಹಂಚಿಹೋಗುತ್ತದೆ. ಸವೆಯುವುದು ಪಿಂಗಾಣಿ ಕೊಳವೆಯ ಬಾಯಿ: ಅಯಾನುಗಳು ಬಡಿದು ಬಡಿದು ಗೋಡೆ ತೆಳುವಾಗಿ, ಕೊನೆಗೆ ಹಿಂದಿನ ಕಾಂತದ ತುದಿ ಬಯಲಾಗುತ್ತದೆ. ಕ್ಯಾಥೋಡ್ ಎರಡಿರುತ್ತವೆ, ಒಂದು ಬದಲಿಗೆ.

---

ತಂಪುಫಲಕ ಉತ್ತರ:

ಆ "ಬೇರೆ ಏನೋ" ಯಾವುದು ಎನ್ನುವುದಕ್ಕೆ ನಾನು ಮೊದಲು ಬೆರಳು ತೋರಿಸುವುದು ಶಾಖ ನಿಯಂತ್ರಣದ ಕಡೆಗೆ. ರಷ್ಯನ್ ಉಪಗ್ರಹಗಳ ಆಯಸ್ಸು 3ರಿಂದ 15ಕ್ಕೆ ಏರಿದ ಕಥೆಯ ಅರ್ಧ ಇಲ್ಲೇ ಇದೆ.

ಹಳೆಯ ಸೋವಿಯತ್ ವಿನ್ಯಾಸದಲ್ಲಿ ಎಲೆಕ್ಟ್ರಾನಿಕ್ಸ್ ಎಲ್ಲ ಗಾಳಿಯಾಡದಂತೆ ಮುಚ್ಚಿದ ಡಬ್ಬಿಯೊಳಗೆ. ಒಳಗೆ ಅನಿಲ ತುಂಬಿ, ಫ್ಯಾನ್ ತಿರುಗಿಸಿ, ಬಿಸಿಯನ್ನು ದ್ರವದ ಕೊಳವೆಗೆ ದಾಟಿಸಿ, ಅಲ್ಲಿಂದ ಹೊರಗಿನ ರೇಡಿಯೇಟರ್‌ಗೆ ಸಾಗಿಸುವ ಏರ್ಪಾಟು. ಅನುಕೂಲ ದೊಡ್ಡದು: ನೆಲದ ಮೇಲಿನ ಉಪಕರಣವನ್ನು ಹೆಚ್ಚು ಬದಲಿಸದೆ ಕೂರಿಸಬಹುದು, ಪರೀಕ್ಷೆಯನ್ನು ಸಾಮಾನ್ಯ ಕೋಣೆಯಲ್ಲೇ ಮುಗಿಸಬಹುದು. ತೊಂದರೆ ಮೂರು. ಡಬ್ಬಿಯ ತೂಕ. ಫ್ಯಾನ್ ಮತ್ತು ಪಂಪ್‌ಗಳ ಬೇರಿಂಗ್ ಸವೆತ. ಮತ್ತು ಒಂದು ಸೂಜಿ ತೂತು ಬಿದ್ದರೂ ಅನಿಲ ಸೋರಿ, ಬಿಸಿ ಸಾಗಿಸಲು ಒಳಗೆ ಏನೂ ಉಳಿಯುವುದಿಲ್ಲ.

ಎಎಂ11ಕ್ಕೆ ಆದದ್ದು ಇದರ ಹತ್ತಿರದ ಸಂಬಂಧಿ. 2006ರ ಮಾರ್ಚ್ 29ರಂದು ಹೊರಗಿನಿಂದ ಏನೋ ಬಡಿಯಿತು, ಬಾಹ್ಯಾಕಾಶ ಅವಶೇಷದ ಚೂರು ಎಂದೇ ಲೆಕ್ಕ. ಶಾಖ ನಿಯಂತ್ರಣದ ದ್ರವದ ಸುತ್ತು ಕ್ಷಣದಲ್ಲಿ ಒಡೆಯಿತು. ಒತ್ತಡದಲ್ಲಿದ್ದ ದ್ರವ ಹೊರಗೆ ಚಿಮ್ಮಿದಾಗ ಅದೇ ಒಂದು ಸಣ್ಣ ರಾಕೆಟ್‌ನಂತೆ ನೂಕಿ ಉಪಗ್ರಹವನ್ನು ಗಿರಗಿರ ತಿರುಗಿಸಿತು. ದಿಕ್ಕು ತಪ್ಪಿತು, ಸೇವೆ ನಿಂತಿತು. ನಿರ್ವಾಹಕರು ಅದನ್ನು ಹೇಗೋ ಹಿಡಿತಕ್ಕೆ ತಂದು, ಬಿಸಿಯೇರಿ ಪೂರ್ತಿ ಕೆಡುವ ಮುಂಚೆ ಸ್ಮಶಾನ ಕಕ್ಷೆಗೆ, ಅಂದರೆ ಕೆಲಸ ಮುಗಿದ ಉಪಗ್ರಹಗಳನ್ನು ಇಡುವ ಮೇಲಿನ ಕಕ್ಷೆಗೆ, ಏರಿಸಿದರು. ಟ್ಯಾಂಕಿನಲ್ಲಿ ಇನ್ನೂ ಹತ್ತು ವರ್ಷದ ಇಂಧನ ಇದ್ದರೂ ಪ್ರಯೋಜನವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದಿಲ್ಲ.

ಜೆಲೆಜ್ನೊಗೊರ್ಸ್ಕ್‌ನ ರೆಶೆತ್ನ್ಯೋವ್ ಸಂಸ್ಥೆ ಆಮೇಲೆ ತಂದ ಎಕ್ಸ್‌ಪ್ರೆಸ್-1000 ಮತ್ತು 2000 ವೇದಿಕೆಗಳಲ್ಲಿ ಡಬ್ಬಿ ಇಲ್ಲ. ಉಪಕರಣಗಳನ್ನು ನೇರ ಜೇನುಗೂಡು ಫಲಕಕ್ಕೆ ಬಿಗಿದು, ಫಲಕದೊಳಗೆ ಹೀಟ್ ಪೈಪ್ (ಪಂಪ್ ಇಲ್ಲದೆ ಬಿಸಿ ಸಾಗಿಸುವ ಮುಚ್ಚಿದ ಕೊಳವೆ) ಹಾಯಿಸಿರುತ್ತಾರೆ. 15 ವರ್ಷ ಎಂಬ ಅಂಕಿ ಬಂದದ್ದು ಈ ವೇದಿಕೆಗಳೊಂದಿಗೆ: ಎಎಂ5 (2013ರ ಡಿಸೆಂಬರ್), ಎಎಂ6 (2014ರ ಅಕ್ಟೋಬರ್), ಎಎಂ8 (2015ರ ಸೆಪ್ಟೆಂಬರ್).

ಬ್ಯಾಟರಿ: ವರ್ಷಕ್ಕೆ ಎರಡು ಗ್ರಹಣ ಋತು, ಎರಡು ವಿಷುವ ದಿನಗಳ ಅಕ್ಕಪಕ್ಕ. ಒಂದೊಂದು ಸುಮಾರು 45 ದಿನ. ಅತಿ ಉದ್ದದ ನೆರಳು 70 ನಿಮಿಷಕ್ಕೆ ತುಸು ಮೇಲೆ. ವರ್ಷಕ್ಕೆ 90 ಸಲ ಖಾಲಿ-ಭರ್ತಿ, 12 ವರ್ಷಕ್ಕೆ 1,080, 15 ವರ್ಷಕ್ಕೆ 1,350. ಕೆಳಕಕ್ಷೆಯವು ವರ್ಷಕ್ಕೆ ಐದು ಸಾವಿರದಷ್ಟು ಕಾಣುತ್ತವೆ, ಹಾಗಾಗಿ ಎಣಿಕೆ ದೊಡ್ಡದಲ್ಲ. ನಿಕಲ್-ಹೈಡ್ರೋಜನ್ ಕೋಶಗಳು ಇದನ್ನು ಸುಲಭವಾಗಿ ತಾಳುತ್ತವೆ, ಆದರೆ ಪ್ರತಿ ಋತುವಿಗೆ ಮುಂಚೆ ಒಮ್ಮೆ ಪೂರ್ತಿ ಇಳಿಸಿ ತುಂಬಿಸಬೇಕು. ಹಾಗೆ ಮಾಡದಿದ್ದರೆ ಕೋಶಗಳ ವೋಲ್ಟೇಜ್ ಒಂದೊಂದು ದಾರಿ ಹಿಡಿಯುತ್ತದೆ. ವಯಸ್ಸಾದ ಉಪಗ್ರಹದಲ್ಲಿ ನೆರಳಿನ ಒಂದು ಗಂಟೆ ಕೆಲವು ಟ್ರಾನ್ಸ್‌ಪಾಂಡರ್ ಆರಿಸುತ್ತಿದ್ದಾರೆ ಅಂದರೆ ಬ್ಯಾಟರಿ ಇಳಿಯುತ್ತಿದೆ ಎಂದೇ ಅರ್ಥ.

ಸೌರಫಲಕದ ಇಳಿತ ನಿಧಾನ, ಮುಂಚೆಯೇ ಗೊತ್ತಿರುವಂಥದ್ದು, ಸೂರ್ಯನ ದೊಡ್ಡ ಸ್ಫೋಟವಾದಾಗ ಮಾತ್ರ ಒಂದು ಮೆಟ್ಟಿಲು ಜಾಸ್ತಿ ಇಳಿಯುತ್ತದೆ. ಅದಕ್ಕೆಂದೇ ಮೊದಲ ವರ್ಷ ವಿದ್ಯುತ್ ಬೇಕಾದ್ದಕ್ಕಿಂತ ಹೆಚ್ಚಿರುವಂತೆ ಕಟ್ಟಿರುತ್ತಾರೆ. ಪ್ಲಾಸ್ಮಾ ಥ್ರಸ್ಟರ್‌ನ ಉಗುಳು ಅಗಲವಾಗಿ ಹರಡುವುದರಿಂದ ಫಲಕದ ತುದಿಗೂ ತಾಗುತ್ತದೆ. ಗಾಜನ್ನು ಸವೆಸುತ್ತದೆ, ಜೊತೆಗೆ ಉಪಗ್ರಹವನ್ನು ಸ್ವಲ್ಪ ತಿರುಚುತ್ತದೆ. ಎಕ್ಸ್‌ಪ್ರೆಸ್-ಎ ಸರಣಿಯಲ್ಲಿ ಇದನ್ನು ಅಳೆಯಲು ಸಂವೇದಕಗಳನ್ನೇ ಹೊತ್ತೊಯ್ದಿದ್ದರು.

ಉಳಿದವು ದಿಕ್ಕು ಹಿಡಿಯುವ ಚಕ್ರಗಳು, ಭೂಮಿ ಸಂವೇದಕ, ನಿಯಂತ್ರಣ ಕಂಪ್ಯೂಟರ್, ಸಿಗ್ನಲ್ ಬಲಪಡಿಸುವ ಟ್ರಾವೆಲಿಂಗ್ ವೇವ್ ಟ್ಯೂಬ್. ಟ್ಯೂಬ್‌ಗಳಿಗೆ ಬದಲಿ ಇರುತ್ತದೆ, ಒಂದು ಕೆಟ್ಟರೆ ಗಿರಾಕಿಗೆ ಗೊತ್ತಾಗುವ ಮುಂಚೆ ಇನ್ನೊಂದಕ್ಕೆ ಬದಲಾಗುತ್ತದೆ. ಚಕ್ರ, ಕಂಪ್ಯೂಟರ್ ಹಾಗಲ್ಲ. ಕೊನೆಯ ಬದಲಿ ಘಟಕದ ಮೇಲೆ ಓಡುತ್ತಿರುವ ಉಪಗ್ರಹದ ಆಯಸ್ಸನ್ನು ಯಾರೂ ವರ್ಷಗಳಲ್ಲಿ ಎಣಿಸುವುದಿಲ್ಲ.

---

ದೀರ್ಘವೃತ್ತ:

ಇಬ್ಬರಿಗೂ ಧನ್ಯವಾದ. ಒಂದು ಗಂಟು ಬಿಡಿಸಿಕೊಡಿ. ಯಮಾಲ್-402 ಮತ್ತು ಎಕ್ಸ್‌ಪ್ರೆಸ್-ಎಎಂ6, ಎರಡನ್ನೂ ಬ್ರೀಜ್-ಎಂ ಸರಿಯಾದ ಎತ್ತರಕ್ಕೆ ಮುಟ್ಟಿಸಲಿಲ್ಲ. ಎರಡೂ ತಮ್ಮ ಎಂಜಿನ್‌ನಿಂದಲೇ ಮೇಲೇರಿದವು. ಯಮಾಲ್-402ರ ಆಯಸ್ಸು ಕಡಿತವಾಯಿತು ಎಂದು ಘೋಷಿಸಿದರು. ಎಎಂ6 ವಿಷಯದಲ್ಲಿ ತಡವಾಗಿ ಸೇವೆಗೆ ಬಂತು ಎಂಬ ಮಾತೇ ಮುಂದೆ ಇತ್ತು. ಕ್ಸೆನಾನ್ ಕಡಿಮೆ ಖರ್ಚಾಗುತ್ತದೆ ಎನ್ನುವುದೇ ಕಾರಣವೇ?

---

ಕ್ಸೆನಾನ್54 ಉತ್ತರ:

ಕಾರಣ ಅದೇ, ಆದರೆ ಹೆಚ್ಚಿನವರು ಅಂದುಕೊಳ್ಳುವ ರೀತಿಯಲ್ಲಲ್ಲ.

ಯಮಾಲ್-402 ಥೇಲ್ಸ್ ಅಲೇನಿಯಾ ಕಟ್ಟಿದ್ದು. 2012ರ ಡಿಸೆಂಬರ್ 8ರಂದು ಬೈಕೊನೂರ್‌ನಿಂದ ಹೋಯಿತು. ಬ್ರೀಜ್-ಎಂ ತನ್ನ ಕೊನೆಯ ಉರಿಯನ್ನು ಸುಮಾರು 4 ನಿಮಿಷ ಮುಂಚೆಯೇ ನಿಲ್ಲಿಸಿತು. ಉಪಗ್ರಹ ತನ್ನ ರಾಸಾಯನಿಕ ಎಂಜಿನ್ ಉರಿಸಿ ಡಿಸೆಂಬರ್ ಮಧ್ಯದ ಹೊತ್ತಿಗೆ ಮೇಲೆ ಬಂತು, 55° ಪೂರ್ವದಲ್ಲಿ ಕೂತಿತು. ವಿನ್ಯಾಸದ 15 ವರ್ಷದ ಬದಲು ಇಂಧನ ಸುಮಾರು 11.5 ವರ್ಷಕ್ಕೆ ಬರುತ್ತದೆ ಎಂದು ನಿರ್ವಾಹಕರು ಆಗ ಲೆಕ್ಕ ಕೊಟ್ಟರು.

ಈಗ ಲೆಕ್ಕ ನೋಡಿ. ಅದೇ 2,000 ಕೆ.ಜಿ. ಉಪಗ್ರಹಕ್ಕೆ 200 ಮೀ/ಸೆ ಕೊರತೆ ಬಿತ್ತು ಅನ್ನಿ (ಇದು ಕಲ್ಪಿತ ಅಂಕಿ). ರಾಸಾಯನಿಕಕ್ಕೆ 140 ಕೆ.ಜಿ., ಕ್ಸೆನಾನ್‌ಗೆ 26 ಕೆ.ಜಿ. ಅಬ್ಬಾ ಎಷ್ಟು ಉಳಿತಾಯ ಅನ್ನಿಸುತ್ತದೆ. ಆದರೆ ವರ್ಷದ ಖರ್ಚೂ ಅದೇ ಪ್ರಮಾಣದಲ್ಲಿ ಕಡಿಮೆ ತಾನೇ? 200 ಮೀ/ಸೆ ಅಂದರೆ ಇಬ್ಬರಿಗೂ ನಾಲ್ಕು ವರ್ಷದ ಉತ್ತರ-ದಕ್ಷಿಣ ತಿದ್ದುಪಡಿಯೇ. ಟ್ಯಾಂಕಿನಲ್ಲಿ ಸರಿಯಾಗಿ 15 ವರ್ಷದ್ದೇ ತುಂಬಿದ್ದರೆ ಇಬ್ಬರೂ 11 ವರ್ಷಕ್ಕೇ ಬರುತ್ತಾರೆ.

ವ್ಯತ್ಯಾಸ ಇರುವುದು ತುಂಬಿಸುವಾಗ. 26 ಕೆ.ಜಿ. ಕ್ಸೆನಾನ್ ಹೆಚ್ಚಿಗೆ ಹಾಕಲು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. 140 ಕೆ.ಜಿ. ಹೆಚ್ಚಿಗೆ ಹಾಕಬೇಕಾದರೆ ಟ್ರಾನ್ಸ್‌ಪಾಂಡರ್ ಇಳಿಸಬೇಕಾದೀತು. ಹಾಗಾಗಿ ಕ್ಸೆನಾನ್ ಉಪಗ್ರಹದಲ್ಲಿ ಮಿಗತೆ ಮೊದಲಿನಿಂದಲೇ ಇರುತ್ತದೆ.

ಅದಕ್ಕೆ ಬೇರೆ ಬೆಲೆ ತೆರಬೇಕು. 200 ಮೀ/ಸೆ ಗಳಿಸಲು ಒಂದು ಎಸ್‌ಪಿಟಿ-100 ಬಿಡದೆ 56 ದಿನ ಓಡಬೇಕು, ಎರಡು ಒಟ್ಟಿಗೆ ಓಡಿದರೆ 28. ಒಟ್ಟು 1,340 ಥ್ರಸ್ಟರ್-ಗಂಟೆ ಸವೆತ. ಎಎಂ6 2014ರ ಅಕ್ಟೋಬರ್ 21ರಂದು ಹಾರಿ, 2015ರಲ್ಲಿ ಸೇವೆಗೆ ಬಂದದ್ದು ಇದೇ ಕಾರಣಕ್ಕೆ. ಆ ತಿಂಗಳುಗಳ ಆದಾಯ ಹೋಯಿತು, ಕಕ್ಷೆಯ ಜಾಗ ಕಾಯುತ್ತಾ ಕೂತಿತು.

ಎಕ್ಸ್‌ಪ್ರೆಸ್-80 ಮತ್ತು 103ರಲ್ಲಿ ಇದನ್ನೇ ಯೋಜನೆಯಾಗಿ ಮಾಡಿದರು. ಎರಡೂ 2020ರ ಜುಲೈ 30ರಂದು ಒಂದೇ ಪ್ರೋಟಾನ್‌ನಲ್ಲಿ ಹೋದವು. ಬ್ರೀಜ್-ಎಂ ಅರ್ಧ ದಾರಿಗೆ ಬಿಟ್ಟಿತು, ಉಳಿದದ್ದನ್ನು ಪ್ಲಾಸ್ಮಾ ಥ್ರಸ್ಟರ್‌ನಲ್ಲೇ ತಿಂಗಳುಗಟ್ಟಲೆ ಏರಿದವು. ಒಂದು ರಾಕೆಟ್‌ಗೆ ಎರಡು ದೊಡ್ಡ ಉಪಗ್ರಹ ಎಂಬ ಲಾಭಕ್ಕೆ ತೆತ್ತದ್ದು ಥ್ರಸ್ಟರ್ ಗಂಟೆಗಳು, ಮೇಲೆ ವಿಕಿರಣ ಪಟ್ಟಿಯ ಹೊರವಲಯದಲ್ಲಿ ಸೌರಫಲಕ ತಿನ್ನುವ ಪೆಟ್ಟು.

ಎಎಂ4ಗೆ ಈ ಯಾವ ದಾರಿಯೂ ಇರಲಿಲ್ಲ. 2011ರ ಆಗಸ್ಟ್ 18ರಂದು ಬ್ರೀಜ್-ಎಂ ದಿಕ್ಕಿನ ವೇದಿಕೆ ತಿರುಗಿಸಲು ಕೊಟ್ಟ ಸಮಯದ ಅಂತರ ಕಡಿಮೆಯಾಗಿ, ಅದು ಸಿಕ್ಕಿಹಾಕಿಕೊಂಡು, ಉಪಗ್ರಹ ತೀರಾ ಕೆಳಗೆ ಉಳಿಯಿತು. 2012ರ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರಕ್ಕೆ ಇಳಿಸಿದರು. ಆಯಸ್ಸಿನ ಪಟ್ಟಿಯಲ್ಲಿ ಇಂಥವನ್ನು ಸೇರಿಸಿ ಸರಾಸರಿ ತೆಗೆಯಬೇಡಿ. ಅದು ರಾಕೆಟ್‌ನ ಲೆಕ್ಕ.

---

ಡಿಶ್‌ಓರೆ ಉತ್ತರ:

ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ಉಳಿಸಲು ಹೊರಟವರು ಮೊದಲು ಬಿಡುವುದು ಉತ್ತರ-ದಕ್ಷಿಣ ತಿದ್ದುಪಡಿ. ಖರ್ಚಿನ 95% ಅಲ್ಲೇ ಇದೆ. ಥ್ರಸ್ಟರ್ ಕೆಟ್ಟರೂ ಪರಿಣಾಮ ಅದೇ. ಪೂರ್ವ-ಪಶ್ಚಿಮ ಮಾತ್ರ ಹಿಡಿದುಕೊಂಡರೆ ಉಪಗ್ರಹ ಅಕ್ಕಪಕ್ಕದವರ ಜಾಗಕ್ಕೆ ನುಗ್ಗುವುದಿಲ್ಲ, ದಿನಕ್ಕೊಮ್ಮೆ ಆಕಾಶದಲ್ಲಿ ತೆಳ್ಳನೆಯ 8ರ ಆಕಾರ ಬಿಡಿಸುತ್ತದೆ. ಓರೆ ವರ್ಷಕ್ಕೆ ಒಂದು ಡಿಗ್ರಿಗೆ ತುಸು ಕಡಿಮೆ ಏರುತ್ತದೆ. ಪೂರ್ತಿ ಬಿಟ್ಟರೆ 15°ವರೆಗೆ ಏರಿ ಮತ್ತೆ ಇಳಿಯುತ್ತದೆ, ಒಂದು ಸುತ್ತಿಗೆ 53 ವರ್ಷ.

ಡಿಶ್‌ಗೆ ಏನಾಗುತ್ತದೆ? ಕಿರಣದ ಅಗಲ, ಡಿಗ್ರಿಯಲ್ಲಿ = 70 × ತರಂಗದೂರ ÷ ಡಿಶ್ ವ್ಯಾಸ. ಗುರಿ ತಪ್ಪಿದ ನಷ್ಟ, ಡೆಸಿಬೆಲ್‌ನಲ್ಲಿ = 12 × (ತಪ್ಪಿದ ಕೋನ ÷ ಕಿರಣದ ಅಗಲ) ವರ್ಗ. 12 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 2.5 ಸೆಂ.ಮೀ. 1° ತಪ್ಪಿದರೆ:

60 ಸೆಂ.ಮೀ. ಡಿಶ್: ಕಿರಣ 2.9°, ನಷ್ಟ 1.4 ಡೆಸಿಬೆಲ್.
1.2 ಮೀಟರ್ ಡಿಶ್: ಕಿರಣ 1.46°, ನಷ್ಟ 5.6 ಡೆಸಿಬೆಲ್.

ದೊಡ್ಡ ಡಿಶ್ ಇಟ್ಟವನೇ ಮೊದಲು ಅಳುತ್ತಾನೆ. ಮನೆ ಛಾವಣಿಯ ಟಿವಿ ಡಿಶ್ ಮಳೆಗಾಗಿ ಇಟ್ಟ ಅಂಚಿನಲ್ಲೇ ಇದನ್ನು ನುಂಗಿಕೊಳ್ಳುತ್ತದೆ. ನೆಲದಿಂದ ನೋಡುವಾಗ ಕೋನ ಕಕ್ಷೆಯ ಓರೆಗಿಂತ ಶೇ. 10ರಷ್ಟು ಹೆಚ್ಚು ಕಾಣುತ್ತದೆ ಎನ್ನುವುದನ್ನೂ ಸೇರಿಸಿಕೊಳ್ಳಿ.

ಹಳೆಯ ಸೋವಿಯತ್ ಉಪಗ್ರಹಗಳು ಉತ್ತರ-ದಕ್ಷಿಣ ತಿದ್ದುಪಡಿಯೇ ಇಲ್ಲದೆ ನಡೆದದ್ದು ಹೇಗೆ ಎಂಬುದಕ್ಕೂ ಉತ್ತರ ಇಲ್ಲಿದೆ. ಸೋವಿಯತ್ ಟಿವಿ ಹಂಚುತ್ತಿದ್ದ ಆರ್ಬಿಟಾ ಜಾಲದ 12 ಮೀಟರ್ ಡಿಶ್‌ಗಳನ್ನು ಮೊದಲು ಕಟ್ಟಿದ್ದೇ ಆಕಾಶದಲ್ಲಿ ಓಡಾಡುವ ಮೊಲ್ನಿಯಾ ಉಪಗ್ರಹಗಳಿಗಾಗಿ, ತಿರುಗಿಸುವ ಯಂತ್ರ ಅವಕ್ಕೆ ಹುಟ್ಟಿನಿಂದಲೇ ಇತ್ತು. ಗೊರಿಜಾಂಟ್‌ನಿಂದ ಹಿಡಿಯುವ ಮಾಸ್ಕ್ವಾ ವ್ಯವಸ್ಥೆಯ 2.5 ಮೀಟರ್ ಡಿಶ್‌ಗೆ 4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಕಿರಣ ಎರಡು ಡಿಗ್ರಿಗೂ ಮೇಲೆ. 99° ಪೂರ್ವದ ಎಕ್ರಾನ್ 714 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತಿತ್ತು, ಅದನ್ನು ಹಿಡಿಯುವ ಕಡ್ಡಿ ಆಂಟೆನಾದ ಕಿರಣ ಇನ್ನೂ ಅಗಲ. 2001ರಲ್ಲಿ ಹಾರಿದ ಕೊನೆಯ ಎಕ್ರಾನ್-ಎಂ 2009ರ ಆರಂಭದ ತನಕ ಎಳೆದುಕೊಂಡು ಹೋದದ್ದು ಹೀಗೇ.

ಸ್ಥಿರ ಡಿಶ್‌ನಲ್ಲಿ ಓರೆ ಉಪಗ್ರಹ ಹಿಡಿಯುವವರಿಗೆ ಕ್ರಮ ಹೀಗೆ. 24 ಗಂಟೆ, ಅರ್ಧ ಗಂಟೆಗೊಮ್ಮೆ ಸಿಗ್ನಲ್-ಗದ್ದಲ ಅನುಪಾತ ಬರೆದುಕೊಳ್ಳಿ. ಡಿಶ್ ಸರಿಯಾಗಿ 8ರ ನಡುವಿಗೆ ಗುರಿಯಿಟ್ಟಿದ್ದರೆ ಎರಡು ಶಿಖರ, ಎರಡು ತಗ್ಗು ಕಾಣುತ್ತವೆ, ತಗ್ಗುಗಳ ಆಳ ಒಂದೇ. ಒಂದು ತಗ್ಗು ಹೆಚ್ಚು ಆಳವಾಗಿದ್ದರೆ ಆ ಹೊತ್ತಿನಲ್ಲಿ ಉಪಗ್ರಹ ಇರುವ ಕಡೆಗೆ ಡಿಶ್ಶನ್ನು ಸ್ವಲ್ಪ ಸರಿಸಿ. ದಿನಕ್ಕೆ ಒಂದೇ ಶಿಖರ ಕಂಡರೆ 8ರ ತುದಿಗೆ ಗುರಿಯಿಟ್ಟಿದ್ದೀರಿ, ಇನ್ನೊಂದು ತುದಿಯಲ್ಲಿ ತಪ್ಪುವ ಕೋನ ಇಮ್ಮಡಿಯಾಗುತ್ತದೆ. ಶಿಖರದ ಹೊತ್ತು ದಿನಾ 4 ನಿಮಿಷ ಮುಂಚೆಗೆ ಜಾರುತ್ತದೆ. "ಬೆಳಿಗ್ಗೆ ಬರುತ್ತಿತ್ತು, ಈಗ ಬೆಳಿಗ್ಗೆಯೇ ಹೋಗುತ್ತಿದೆ" ಎಂಬ ದೂರು ಮೂರು ತಿಂಗಳಿಗೆ ಬಂದೇ ಬರುತ್ತದೆ, ಡಿಶ್ ಅಲುಗಿದೆ ಅಂದುಕೊಂಡು ಮುಟ್ಟಬೇಡಿ.

ಮೇಲಕ್ಕೆ ಕಳಿಸುವ ಕೇಂದ್ರಗಳಿಗೆ ಇನ್ನೊಂದು ಕಾಟ. 60° ಅಕ್ಷಾಂಶದಲ್ಲಿ 1° ಓರೆ ಅಂದರೆ ದೂರ ದಿನದಲ್ಲಿ ±100 ಕಿ.ಮೀ. ಬದಲಾಗುತ್ತದೆ, ಸಮಯದಲ್ಲಿ ±0.34 ಮಿಲಿಸೆಕೆಂಡ್. ಸಮಯ ಹಂಚಿಕೊಂಡು ಕಳಿಸುವ ಜಾಲಗಳಲ್ಲಿ ಕಾವಲು ಅಂತರ (ಒಬ್ಬರ ಸರದಿಗೂ ಮುಂದಿನವರ ಸರದಿಗೂ ನಡುವಿನ ಬಿಡುವು) ಇದನ್ನು ತಾಳದಿದ್ದರೆ ಸಿಗ್ನಲ್ ಬಲವಾಗಿದ್ದೂ ಮೋಡೆಮ್ ಬಿಟ್ಟುಹೋಗುತ್ತದೆ. ನೊರಿಲ್ಸ್ಕ್‌ನಷ್ಟು ಉತ್ತರದಲ್ಲಿ ಉಪಗ್ರಹ ಅದೇ ರೇಖಾಂಶದಲ್ಲೇ ಇದ್ದರೂ ಏರುಕೋನ 12° ಮಾತ್ರ. ಅಲ್ಲಿ ಮೂರು ಡಿಗ್ರಿ ಓರೆಯಾದರೆ ದಿನದ ಒಂದು ಭಾಗ ಕಟ್ಟಡ, ಗುಡ್ಡದ ಮರೆಗೆ ಹೋಗುತ್ತದೆ.

---

ಕೊನೆಕಕ್ಷೆ ಉತ್ತರ:

ಅವಧಿ ವಿಸ್ತರಣೆಯ ಬಗ್ಗೆ ಒಂದು ಮಾತು, ಏಕೆಂದರೆ ಅದರ ಕೊನೆಯ ದಿನಾಂಕವನ್ನು ತೀರ್ಮಾನಿಸುವುದು ಸ್ಮಶಾನ ಕಕ್ಷೆಯ ಲೆಕ್ಕ.

ಅಂತರಸಂಸ್ಥಾ ಅವಶೇಷ ಸಮಿತಿಯ ಸೂತ್ರ: ಏರಬೇಕಾದ ಎತ್ತರ = 235 ಕಿ.ಮೀ. + 1,000 × ಬೆಳಕಿನ ಒತ್ತಡದ ಗುಣಕ × (ಮೈ ವಿಸ್ತೀರ್ಣ ÷ ತೂಕ). ಗುಣಕ 1.3, ವಿಸ್ತೀರ್ಣ-ತೂಕ 0.04 ಇಟ್ಟರೆ 287 ಕಿ.ಮೀ. ಕಕ್ಷೆಯ ಉತ್ಕೇಂದ್ರತೆ (ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ) 0.003ರ ಒಳಗಿರಬೇಕು. 300 ಕಿ.ಮೀ. ಏರಲು ಬೇಕಾದದ್ದು 11 ಮೀ/ಸೆ. ಕ್ಸೆನಾನ್54 ಅವರ 2,000 ಕೆ.ಜಿ. ಉಪಗ್ರಹಕ್ಕೆ ಹೈಡ್ರಜೀನ್ ಆದರೆ 10 ಕೆ.ಜಿ., ಎರಡೂವರೆ ತಿಂಗಳ ಖರ್ಚು. ಕ್ಸೆನಾನ್ ಆದರೆ ಒಂದೂವರೆ ಕೆ.ಜಿ.

ಒಂದೂವರೆ ಕೆ.ಜಿ. ತಾನೇ ಎಂದು ಕೊನೆಯ ತನಕ ಕಾಯುವುದೇ ಇಲ್ಲಿನ ಅಪಾಯ. ಒಂದು ಎಸ್‌ಪಿಟಿ-100 ಅಷ್ಟು ಏರಿಸಲು 74 ಗಂಟೆ ಉರಿಯಬೇಕು. ಆ 74 ಗಂಟೆಯೂ 1,350 ವಾಟ್, ಸರಿಯಾದ ದಿಕ್ಕು, ಕೆಲಸ ಮಾಡುವ ಶಾಖ ನಿಯಂತ್ರಣ, ಮೂರೂ ಬೇಕು. ಮುದಿ ಉಪಗ್ರಹದಲ್ಲಿ ಮೊದಲು ಕೈಕೊಡುವುದು ಇವೇ ಎಂದು ತಂಪುಫಲಕ ಅವರು ಹೇಳಿದ್ದಾರೆ. ರಾಸಾಯನಿಕ ಥ್ರಸ್ಟರ್ ಕೆಲವೇ ನಿಮಿಷದ ಉರಿಯಲ್ಲಿ ಇದನ್ನು ಮುಗಿಸಿಬಿಡುತ್ತದೆ. ಹಾಗಾಗಿ ಪ್ಲಾಸ್ಮಾ ಉಪಗ್ರಹ ನಿಲ್ಲಿಸುವ ತೀರ್ಮಾನವನ್ನು ಉಳಿದ ಇಂಧನ ನೋಡಿ ತೆಗೆದುಕೊಳ್ಳುವುದು ತಪ್ಪು, ಉಳಿದ ಬದಲಿ ಘಟಕ ನೋಡಿ ತೆಗೆದುಕೊಳ್ಳಬೇಕು.

ವಿಸ್ತರಣೆಗೆ ಮುಂಚೆ ನೋಡುವವು: ಪ್ರತಿ ಥ್ರಸ್ಟರ್‌ನ ಓಡಿದ ಗಂಟೆ ಮತ್ತು ಹೊತ್ತಿಸಿದ ಸಲ, ಕಳೆದ ಗ್ರಹಣ ಋತುವಿನ ಕೊನೆಯ ಬ್ಯಾಟರಿ ವೋಲ್ಟೇಜ್, ಫಲಕಗಳ ಉಷ್ಣತೆ ವರ್ಷದಿಂದ ವರ್ಷಕ್ಕೆ ಏರಿದ ಬಗೆ, ಚಕ್ರಗಳ ಮೋಟಾರ್ ಎಳೆಯುವ ವಿದ್ಯುತ್, ಪ್ರತಿ ವ್ಯವಸ್ಥೆಯಲ್ಲಿ ಉಳಿದ ಬದಲಿ. ಕ್ಸೆನಾನ್ ಎಷ್ಟಿದೆ ಎಂಬುದನ್ನು ಎರಡು ದಾರಿಯಲ್ಲಿ ಅಳೆಯುತ್ತಾರೆ: ಓಡಿದ ಗಂಟೆ × ಹರಿವು ಎಂಬ ಖಾತೆಪುಸ್ತಕದ ಲೆಕ್ಕ, ಇಲ್ಲವೇ ಟ್ಯಾಂಕಿನ ಒತ್ತಡ ಮತ್ತು ಉಷ್ಣತೆ. ಎರಡನೆಯದರಲ್ಲಿ ಒಂದು ತಮಾಷೆ ಇದೆ. ಕ್ಸೆನಾನ್‌ನ ಸಂದಿಗ್ಧ ಉಷ್ಣತೆ (ಅದಕ್ಕಿಂತ ಮೇಲೆ ಎಷ್ಟು ಒತ್ತಿದರೂ ಅನಿಲ ದ್ರವವಾಗದ ಉಷ್ಣತೆ) 16.6° ಸೆಲ್ಸಿಯಸ್, ಟ್ಯಾಂಕ್ ಇರುವುದೂ ಅದರ ಆಸುಪಾಸಿನಲ್ಲೇ. ಒತ್ತಡ 58 ಬಾರ್‌ನ ಹತ್ತಿರ ಇರುವಾಗ ಅರ್ಧ ಡಿಗ್ರಿ ತಪ್ಪು ಓದಿದರೂ ತೂಕದ ಅಂದಾಜು ಎಲ್ಲೋ ಹೋಗುತ್ತದೆ. ಟ್ಯಾಂಕ್ ಬರಿದಾಗುತ್ತಾ ಬಂದಂತೆ ಅದು ಸಾಮಾನ್ಯ ಅನಿಲದಂತೆ ನಡೆದುಕೊಂಡು ಅಳತೆ ನಿಖರವಾಗುತ್ತದೆ. ರಾಸಾಯನಿಕ ಟ್ಯಾಂಕ್ ಇದಕ್ಕೆ ತದ್ವಿರುದ್ಧ: ಕೊನೆಕೊನೆಗೆ ದ್ರವ ಕಡಿಮೆಯಾದಷ್ಟೂ ಅನುಮಾನ ಹೆಚ್ಚು.

ಏರಿಸಿದ ಮೇಲೆ ಉಳಿದ ಅನಿಲ ಹೊರಬಿಟ್ಟು, ಬ್ಯಾಟರಿಯನ್ನು ಚಾರ್ಜಿಂಗ್‌ನಿಂದ ಬಿಡಿಸಿ ಇಳಿಸಿ, ಕೊನೆಗೆ ಟೆಲಿಮೆಟ್ರಿ ಟ್ರಾನ್ಸ್‌ಮಿಟರ್ ಆರಿಸಬೇಕು. ಕ್ರಮ ಇದೇ ಇರಲಿ. ಟ್ರಾನ್ಸ್‌ಮಿಟರ್ ಮೊದಲು ಆರಿಸಿದರೆ ಟ್ಯಾಂಕ್ ಬರಿದಾಯಿತೋ ಇಲ್ಲವೋ ತಿಳಿಯುವ ದಾರಿ ಇರುವುದಿಲ್ಲ.

---

ದೀರ್ಘವೃತ್ತ:

ಟಿಪ್ಪಣಿಯ ಕೋಷ್ಟಕ ಬದಲಿಸುತ್ತೇನೆ. "ಆಯಸ್ಸು" ಎಂಬ ಒಂದೇ ಕಾಲಂ ತೆಗೆದು ಮೂರು ಮಾಡುತ್ತೇನೆ: ಬರೆದುಕೊಟ್ಟ ವರ್ಷ, ದುಡಿದ ವರ್ಷ, ನಿಂತ ಕಾರಣ. ಎಎಂ4 ಮತ್ತು 2014ರ ಮೇ ತಿಂಗಳಲ್ಲಿ ಪ್ರೋಟಾನ್‌ನ ಮೂರನೇ ಹಂತ ಕೆಟ್ಟು ಹೋದ ಎಎಂ4ಆರ್, ಇವೆರಡನ್ನೂ ಪಟ್ಟಿಯಿಂದ ಹೊರಗಿಡುತ್ತೇನೆ. ಒಂದೇ ಸಂದೇಹ ಉಳಿದಿದೆ: 1,350 ವಾಟ್ ಬೇಡುವ ಥ್ರಸ್ಟರನ್ನು ಗ್ರಹಣ ಋತುವಿನಲ್ಲಿ ಹೇಗೆ ಓಡಿಸುತ್ತಾರೆ? ನೆರಳಿನಲ್ಲಿ ಸಿಕ್ಕಿಬೀಳುವುದಿಲ್ಲವೇ?

---

ಕ್ಸೆನಾನ್54 ಉತ್ತರ:

ಸಿಕ್ಕಿಬೀಳುವುದಿಲ್ಲ, ಆಕಾಶವೇ ಸಹಾಯ ಮಾಡುತ್ತದೆ. ಓರೆ ತಿದ್ದುವ ಉರಿಯನ್ನು ಉಪಗ್ರಹ ನಕ್ಷತ್ರಗಳ ಲೆಕ್ಕದಲ್ಲಿ 90° ಅಥವಾ 270° ವಿಷುವಾಂಶದಲ್ಲಿ (ಆಕಾಶದ ರೇಖಾಂಶ) ಇರುವಾಗ ಮಾಡಬೇಕು. ವಿಷುವದ ದಿನಗಳಲ್ಲಿ ಆ ಜಾಗಗಳು ಬರುವುದು ಸ್ಥಳೀಯ ಬೆಳಿಗ್ಗೆ 6ಕ್ಕೆ ಮತ್ತು ಸಂಜೆ 6ಕ್ಕೆ, ನೆರಳು ಬರುವುದು ನಡುರಾತ್ರಿ. ಜೂನ್, ಡಿಸೆಂಬರ್‌ಗಳಲ್ಲಿ ಉರಿಯ ಹೊತ್ತು ನಡುರಾತ್ರಿಗೆ ಬರುತ್ತದೆ, ಆದರೆ ಆಗ ನೆರಳೇ ಇರುವುದಿಲ್ಲ. ಋತುವಿನ ಆರಂಭ ಮತ್ತು ಕೊನೆಯಲ್ಲೂ ನಡುವೆ ಗಂಟೆಗಟ್ಟಲೆ ಬಿಡುವಿರುತ್ತದೆ. ಬ್ಯಾಟರಿ ಮತ್ತೆ ತುಂಬುವ ಹೊತ್ತಿಗೆ ಉರಿ ಬೀಳದಂತೆ ಮಾತ್ರ ನೋಡಿಕೊಳ್ಳಬೇಕು. ಬ್ಯಾಟರಿ ಮುದಿಯಾದ ಉಪಗ್ರಹದಲ್ಲಿ ಆ 45 ದಿನ ಉತ್ತರ-ದಕ್ಷಿಣ ತಿದ್ದುಪಡಿಯನ್ನು ಪೂರ್ತಿ ಬಿಟ್ಟು, ಋತು ಮುಗಿದ ಮೇಲೆ ಹೆಚ್ಚು ಹೊತ್ತು ಉರಿಸಿ ಸರಿಮಾಡಿಕೊಳ್ಳಲೂಬಹುದು. 45 ದಿನದಲ್ಲಿ ಕೂಡುವ ಓರೆ 0.1°ಯಷ್ಟೇ, ಡಿಶ್ ಇಟ್ಟವರಿಗೆ ಗೊತ್ತೇ ಆಗುವುದಿಲ್ಲ.